ಗೋಸುಂಬೆಯ ಕೋಣೆಯಲ್ಲಿ ಮಡಿ ಸೀರೆ

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಫೋನು ಒಮ್ಮೆ ನಡುಗಿತು. ಗೋಸುಂಬೆಯ ಕೋಣೆಯಲ್ಲಿ ಶಾಖ ಇಳಿದಿದೆ ಎಂಬ ಸೂಚನೆ. ಮೂವತ್ತರ ಹತ್ತಿರ ಇರಬೇಕಾದದ್ದು ಹತ್ತೊಂಬತ್ತು ತೋರಿಸುತ್ತಿತ್ತು. ನಾನು ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದೆ. ಕೌನ್ಸಿಲ್ಲಿನ ಶಾಲಾ ಪ್ರವೇಶ ವಿಭಾಗದಲ್ಲಿ ನನ್ನ ಕೆಲಸ. ವಾರಕ್ಕೆ ಎರಡು ದಿನ ಮನೆಯಿಂದಲೇ. ಅತ್ತೆ ಬಾಗಿಲು ತೆರೆದಿಟ್ಟಿರಬೇಕು ಅಂದುಕೊಂಡು ಸೂಚನೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದೆ. ಶಾಖ ಇಳಿದರೆ ದೀಪವನ್ನು ಜೋರು ಮಾಡಲು ಥರ್ಮೋಸ್ಟಾಟ್ ಇದೆ, ಅದು ತನ್ನ ಕೆಲಸ ಮಾಡುತ್ತದೆ ಎಂಬ ಧೈರ್ಯ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು.

ಲಂಡನ್ನಿನ ರೇನರ್ಸ್ ಲೇನಿನ ಎರಡನೇ ಮಹಡಿಯ ಫ್ಲಾಟಿನಲ್ಲಿ ನಾವು ನಾಲ್ವರು: ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗಳು, ಮತ್ತೆ ಅಕ್ಟೋಬರಿನಲ್ಲಿ ಉಡುಪಿಯಿಂದ ಆರು ತಿಂಗಳಿಗೆಂದು ಬಂದ ಅತ್ತೆ. ಗೋಸುಂಬೆ ಮಗಳದು. ಪಕ್ಕದ ಪಿನ್ನರ್‌ನಲ್ಲಿ ಒಬ್ಬರು ಊರು ಬಿಡುವಾಗ ಕೊಟ್ಟು ಹೋದದ್ದು. ಗಂಡು, ಹಸಿರು ಮೈ, ತಲೆಯ ಮೇಲೆ ಟೋಪಿಯಂತೆ ಎದ್ದ ಎಲುಬು. ಮೊದಲ ವರ್ಷ ಅದು ಬಲೆಯ ಪಂಜರದಲ್ಲಿತ್ತು. ದಿನವಿಡೀ ಬಲೆಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿತು. ಪಶುವೈದ್ಯೆ ಮುಲಾಮು ಬರೆದುಕೊಟ್ಟು, ನಿಮ್ಮಲ್ಲಿ ಒಂದು ಕೋಣೆ ಬಿಡುವಿದ್ದರೆ ಅದಕ್ಕೇ ಕೊಟ್ಟುಬಿಡಿ ಎಂದರು.

ಪುಟ್ಟದೊಂದು ಕೋಣೆ ಇತ್ತು. ಸೂಟ್‌ಕೇಸ್‌ಗಳನ್ನು ತೆಗೆದು, ಆಗಸ್ಟ್ ತಿಂಗಳ ರಜೆಯಲ್ಲಿ ಅಪ್ಪ ಮಗಳು ಸೇರಿ ಸಿದ್ಧಮಾಡಿದರು. ಗೋಡೆ ಕಟ್ಟಿ ಕೂಡಿಹಾಕುವ ಬದಲು, ಅದಕ್ಕೆ ಬೇಕಾದದ್ದೆಲ್ಲ ಎತ್ತರದಲ್ಲೇ ಸಿಗುವಂತೆ ಮಾಡುವುದು ಇದರ ಉಪಾಯ. ಬಿಸಿಲಿನಂಥ ದೀಪ, ಎಲೆಯ ಮರೆ, ಎಲೆಯಿಂದ ತೊಟ್ಟಿಕ್ಕುವ ನೀರು ಎಲ್ಲವೂ ಮೇಲೆ ಇದ್ದರೆ ಗೋಸುಂಬೆ ನೆಲಕ್ಕಿಳಿಯುವ ಗೋಜಿಗೆ ಹೋಗುವುದಿಲ್ಲ. ಆಳೆತ್ತರದ ಫೈಕಸ್ ಗಿಡ, ಮನಿ ಪ್ಲಾಂಟ್, ಒಂದು ದಾಸವಾಳ, ನಡುವೆ ಹತ್ತಲು ಪ್ಲಾಸ್ಟಿಕ್ ಬಳ್ಳಿಗಳು. ಎಲೆಗಳ ಮೇಲೆ ತುಂತುರು ಹನಿಸುವ ಪುಟ್ಟ ಪಂಪು, ಕೆಳಗೆ ನೀರು ಬೀಳಲು ಅಗಲವಾದ ತಟ್ಟೆಗಳು. ಕಿಟಕಿಗೆ ಬೀಗ. ಬಾಗಿಲಿನ ಅಡಿಯ ಸಂದಿನಲ್ಲಿ ನುಸುಳದಂತೆ ರಬ್ಬರ್ ಪಟ್ಟಿ. ಗಿಡದಿಂದ ಗಿಡಕ್ಕೆ ನಡೆಯಲು, ಛಾವಣಿಯ ಎರಡು ಕೊಕ್ಕೆಗಳಿಗೆ ಹಗ್ಗ ಕಟ್ಟಿ ಅಡ್ಡಲಾಗಿ ತೂಗಿಬಿಟ್ಟ ಬಿದಿರಿನ ಗಳ. ಗಳದ ಒಂದು ತುದಿಯ ಪಕ್ಕದಲ್ಲೇ ದೀಪ. ಶಾಖ ಅಳೆಯುವ ತಂತಿಯನ್ನೂ ಗಳಕ್ಕೇ ಸುತ್ತಿದ್ದರು. ಗೋಸುಂಬೆಗೆ ಮೈ ಸುಡುವುದು ಬೇಗ ತಿಳಿಯುವುದಿಲ್ಲವಂತೆ, ಅದಕ್ಕೇ ದೀಪಕ್ಕೆ ತಂತಿಯ ಬುಟ್ಟಿ. ಅದು ಬೀಳಬಹುದು, ಸುಟ್ಟುಕೊಳ್ಳಬಹುದು, ಬಾಗಿಲಿಗೆ ಸಿಕ್ಕಿಹಾಕಿಕೊಳ್ಳಬಹುದು ಎಂದು ಒಂದೊಂದನ್ನೂ ಯೋಚಿಸಿದ್ದೆವು. ಮನುಷ್ಯರ ಬಗ್ಗೆ ಯೋಚಿಸಿರಲಿಲ್ಲ.

ಅತ್ತೆ ಬಂದ ಮೊದಲ ವಾರವೇ ಅದನ್ನು, ಮನೆಯ ಹುಡುಗನನ್ನು ಕರೆಯುವಂತೆ, ‘ಮಾಣಿ’ ಎಂದು ಕರೆಯತೊಡಗಿದರು. ದಾಸವಾಳ ಹೂವಿಗೆ ಅತ್ತೆಗೂ ಗೋಸುಂಬೆಗೂ ಪೈಪೋಟಿ ಇತ್ತು.

“ದೇವರಿಗೆ ಇಟ್ಟ ಹೂ ತಿಂದ್ ಬಿಟ್ಟಿದ್ದಾನಲ್ಲ ನಿನ್ನ ಮಾಣಿ!”

“ಅಜ್ಜಿ, ಹಿ ವೇಕ್ಸ್ ಅಪ್ ಬಿಫೋರ್ ಯು,” ಎನ್ನುವಳು ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಅಜ್ಜಿ ಮೊಮ್ಮಗಳ ಜಗಳ ಯಾವತ್ತೂ ನಿಂತದ್ದಿಲ್ಲ.

ಫೋನು ನಡುಗಿದ ಆ ದಿನ ಏಕಾದಶಿ. ಮರುದಿನ ದ್ವಾದಶಿಯ ಅಡಿಗೆ ಮಾಡಲು ಅತ್ತೆಗೆ ಮಡಿ ಸೀರೆ ಬೇಕು. ಮಡಿ ಎಂದರೆ ಒಗೆದು, ಯಾರೂ ಮುಟ್ಟದಂತೆ ಎತ್ತರದಲ್ಲಿ ಒಣಗಿಸಿದ್ದು. ಉಡುಪಿಯ ಮನೆಯಲ್ಲಿ ಅದಕ್ಕೆಂದೇ ಹಿಂದಿನ ಜಗಲಿಯಲ್ಲಿ ಛಾವಣಿಯಿಂದ ತೂಗಿಬಿಟ್ಟ ಗಳ ಇದೆ. ನಮ್ಮ ಫ್ಲಾಟಿನಲ್ಲಿ ಇರುವುದು ಮಡಚುವ ಒಂದು ಸ್ಟ್ಯಾಂಡ್. ನವೆಂಬರಿನಲ್ಲಿ ಎಲ್ಲರ ಬಟ್ಟೆಯೂ ಅದರ ಮೇಲೇ ಎರಡು ದಿನ ಒಣಗುತ್ತದೆ. ಅತ್ತೆ ಗೋಸುಂಬೆಯ ಕೋಣೆಯ ಬಾಗಿಲು ತೆರೆದಾಗ ಕಂಡದ್ದು ಹಗ್ಗ ಕಟ್ಟಿ ತೂಗಿಬಿಟ್ಟ ಗಳ, ಕೈಗೆ ಎಟುಕದ ಎತ್ತರ, ಒಂದು ಪಕ್ಕದಲ್ಲಿ ಬೆಚ್ಚಗಿನ ದೀಪ. ಅವರು ನೆಲ ಒರೆಸುವ ಕೋಲಿನ ತುದಿಯಿಂದ ಹಿಂಡಿದ ಹತ್ತಿ ಸೀರೆಯನ್ನು ಗಳದ ಮೇಲೆ ಏರಿಸಿ ಹರವಿದರು.

ನಾನು ಎಂ.ಎಸ್ಸಿ. ಫಿಸಿಕ್ಸ್ ಓದಿದವಳು. ಒದ್ದೆ ಬಟ್ಟೆ ಆರುವಾಗ ತನ್ನ ಸುತ್ತ ತಂಪು ಮಾಡುತ್ತದೆ ಎಂಬುದನ್ನು ಪಿ.ಯು.ಸಿ.ಯಲ್ಲೇ ಬರೆದು ಅಂಕ ತೆಗೆದುಕೊಂಡಿದ್ದೇನೆ. ಸೀರೆಯ ಒದ್ದೆ ಮಡಿಕೆಗಳ ಅಡಿಯಲ್ಲಿ ಶಾಖ ಅಳೆಯುವ ತಂತಿ ತಣ್ಣಗಾಯಿತು. ಕೋಣೆ ಚಳಿಯಾಗಿದೆ ಎಂದುಕೊಂಡ ಥರ್ಮೋಸ್ಟಾಟ್ ದೀಪವನ್ನು ಪೂರ್ತಿ ಉರಿಸಿತು. ಸೀರೆಯ ಇನ್ನೊಂದು ತುದಿ ದೀಪದ ಬುಟ್ಟಿಯ ಮೇಲೆ ಬಿದ್ದಿತ್ತು. ತುದಿ ಒಣಗಿತು, ಕಂದಿತು, ಹೊತ್ತಿತು.

ಹನ್ನೊಂದು ನಲವತ್ತಮೂರಕ್ಕೆ ನನಗೆ ವಾಸನೆ ಬಂತು. ಮೊದಲು ಇಸ್ತ್ರಿ ಪೆಟ್ಟಿಗೆ ಅನ್ನಿಸಿತು, ಆಮೇಲೆ ಪ್ಲಾಸ್ಟಿಕ್. ಎದ್ದು ಹೋಗಿ ಕೋಣೆಯ ಬಾಗಿಲು ತೆಗೆದೆ. ಹೊಗೆ ಛಾವಣಿಯ ಕೆಳಗೆ ಚಾಪೆ ಹಾಸಿದಂತೆ ಮಟ್ಟಸವಾಗಿ ನಿಂತಿತ್ತು. ಅದರ ಅಡಿಯಲ್ಲಿ ಅತ್ತೆ ಮಣೆಯ ಮೇಲೆ ದೀಪಕ್ಕೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದರು. ಮನೆಯಲ್ಲಿ ಅತಿ ಬೆಚ್ಚಗಿನ ಜಾಗ ಅದೇ ತಾನೆ. ಕೆಲವು ವರ್ಷದ ಹಿಂದೆ ಬಂದ ಜ್ವರದ ನಂತರ ಅವರಿಗೆ ವಾಸನೆ ತಿಳಿಯುವುದಿಲ್ಲ. ಅವರ ತಲೆಯಿಂದ ಮೂರಡಿ ಮೇಲೆ ಸೀರೆಯ ಅಂಚಿನಲ್ಲಿ ಒಂದು ಕೆಂಪು ಗೆರೆ ಹರಿದಾಡುತ್ತಿತ್ತು.

“ಅತ್ತೆ, ಏಳಿ!”

ಅವರು ಕಣ್ಣು ಬಿಟ್ಟು ಅಂಗೈ ಅಡ್ಡ ಹಿಡಿದರು. “ಮುಟ್ಟಬೇಡ, ಮಡಿಯಲ್ಲಿದ್ದೇನೆ.”

ನಾನು ನಿಂತೆ.

ಎಷ್ಟು ಹೊತ್ತು ಎಂದು ಕೇಳಿದರೆ ಒಂದು ಉಸಿರಿನಷ್ಟು. ಮದುವೆಯಾಗಿ ಹದಿನಾಲ್ಕು ವರ್ಷ ಆ ಮಾತಿಗೆ ನಿಂತು ಅಭ್ಯಾಸವಾಗಿದ್ದ ಕಾಲು, ನಿಂತುಬಿಟ್ಟಿತು. ಅಷ್ಟರಲ್ಲಿ ಅಂಗೈಯಗಲದ ಉರಿಯುವ ಚೂರೊಂದು ಕಳಚಿ, ಅವರ ಎಡ ಭುಜದ ಪಕ್ಕದಲ್ಲೇ ಕೆಳಗಿಳಿದು ತಟ್ಟೆಯ ನೀರಿಗೆ ಬಿದ್ದು ಚುಂಯ್ ಎಂದಿತು. ಆಗ ನಾನು ಅವರ ಎರಡೂ ತೋಳು ಹಿಡಿದು ಎಳೆದೆ.

ಅವರನ್ನು ಮೆಟ್ಟಿಲ ಬಳಿ ಬಿಟ್ಟು ಬಂದು ಗೋಡೆಯ ಸ್ವಿಚ್ಚು ಆರಿಸಿದೆ. ಕೋಲಿನಿಂದ ಸೀರೆಯನ್ನು ತಟ್ಟೆಗೆ ಎಳೆದು ಹಾಕಿ, ಗಿಡಗಳಿಗೆ ಸಿಂಪಡಿಸಲು ಇಟ್ಟಿದ್ದ ಐದು ಲೀಟರ್ ನೀರು ಸುರಿದೆ. ಹಾಲ್‌ನಲ್ಲಿದ್ದ ಹೊಗೆ ಅಲಾರಂ ಬಾಗಿಲು ತೆರೆದ ಮೇಲಷ್ಟೇ ಕೂಗಿತು. ಗೋಸುಂಬೆ ಹೊರಗೆ ಹೋಗದಿರಲಿ ಎಂದು ಹಚ್ಚಿದ್ದ ರಬ್ಬರ್ ಪಟ್ಟಿ ಹೊಗೆಯನ್ನೂ ಹೊರಗೆ ಬಿಟ್ಟಿರಲಿಲ್ಲ. ಗೋಸುಂಬೆ ಫೈಕಸ್ಸಿನ ಅತಿ ಕೆಳಗಿನ ಕೊಂಬೆ ಹಿಡಿದು, ಹೆದರಿಕೆಗೆ ಮೈ ಕಪ್ಪಾಗಿ, ಬಾಯಿ ತೆರೆದುಕೊಂಡಿತ್ತು. ಟವೆಲಿನಲ್ಲಿ ಎತ್ತಿಕೊಂಡು ಹೊರಗೆ ಬಂದೆ. ಅಗ್ನಿಶಾಮಕದವರು ಬಂದು ಗೋಡೆಯ ಒಳಗೆ ಕಾವು ಉಳಿದಿಲ್ಲ ಎಂದು ಪರೀಕ್ಷಿಸಿ ಹೋದರು. ಅವರಲ್ಲೊಬ್ಬ ನನ್ನ ಕೈಯಲ್ಲಿದ್ದುದನ್ನು ನೋಡಿ, “ಈಸ್ ದಟ್ ರಿಯಲ್?” ಎಂದು ಕೇಳಿದ.

ಅಂದಿನಿಂದ ಗೋಸುಂಬೆ ಮತ್ತೆ ಪಂಜರಕ್ಕೆ. ಪಶುವೈದ್ಯೆ ಅದರ ಉಸಿರು ಕೇಳಿ, ಶ್ವಾಸಕೋಶಕ್ಕೆ ಏನೂ ಆದಂತಿಲ್ಲ, ಹೊಗೆಯ ವಾಸನೆ ಪೂರ್ತಿ ಹೋಗುವವರೆಗೆ ಬೇರೆ ಕಡೆ ಇಡಿ ಎಂದಿದ್ದರು. ಅದು ಹಾಲ್‌ನ ಮೂಲೆಯಲ್ಲಿ ಬಲೆ ಹಿಡಿದು ಮತ್ತೆ ಮೂತಿ ಉಜ್ಜತೊಡಗಿತು. ಮೂರು ದಿನ ತಿನ್ನಲು ಕೊಟ್ಟ ಮಿಡತೆ ಮುಟ್ಟಲಿಲ್ಲ. ಗಂಡ ಮಗಳಿಗೆ ಸ್ಪಷ್ಟವಾಗಿ ಹೇಳಿದರು:

“ಅಮ್ಮ ಸರಿ ಅನ್ನೋವರೆಗೂ ಆ ರೂಮಲ್ಲಿ ದೀಪ ಹಚ್ಚೋ ಹಾಗಿಲ್ಲ. ಆಗಲ್ಲ ಅಂದ್ರೆ, ಬೇರೆ ಯಾರಿಗಾದ್ರೂ ಕೊಟ್ಬಿಡೋಣ.”

‘ಅಮ್ಮ’ ಎಂದರೆ ನಾನು. ಮಗಳು ನನ್ನ ಮುಖ ನೋಡಿದಳು. “ಇಟ್ ವಾಸ್‌ನ್ಟ್ ಹಿಸ್ ಫಾಲ್ಟ್,” ಎಂದಷ್ಟೇ ಹೇಳಿದಳು.

ಸರಿ ಅನ್ನಲು ನನಗೆ ಆಗುತ್ತಿರಲಿಲ್ಲ. ಅನ್ನ ಬಡಿಸುವಾಗ, ಟ್ಯೂಬ್ ರೈಲಿನಲ್ಲಿ ನಿಂತಿರುವಾಗ ಆ ಉರಿಯುವ ಚೂರು ಕಣ್ಣ ಮುಂದೆ ಮತ್ತೆ ಮತ್ತೆ ಕಳಚಿ ಬೀಳುತ್ತಿತ್ತು. ಕೆಲವೊಮ್ಮೆ ನೀರಿನ ತಟ್ಟೆಗಲ್ಲ, ಅತ್ತೆಯ ಭುಜದ ಮೇಲೆ. ನಾನು ನಿಂತ ಆ ಒಂದು ಉಸಿರಿನ ವಿಷಯ ಯಾರಿಗೂ ಹೇಳಿರಲಿಲ್ಲ. ರಾತ್ರಿ ಮೂರು ಮೂರು ಸಲ ಎದ್ದು, ಆರಿಸಿಯೇ ಇದ್ದ ಸ್ವಿಚ್ಚುಗಳನ್ನು ನೋಡಿ ಬರುತ್ತಿದ್ದೆ. ನೀರು ಕುಡಿಯುವ ನೆವದಲ್ಲಿ ಗಂಡನೂ ಏಳುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಗಂಡ ತಾಯಿಯ ಹತ್ತಿರ ವಿಷಯ ತೆಗೆದರು.

“ಲಂಡನ್ನಲ್ಲಿ ಎಂತ ಮಡಿ ಅಮ್ಮ?”

“ಲಂಡನ್ನಲ್ಲಿ ಎಂತ ಗೋಸುಂಬೆ ಮಾರಾಯ? ಅದಕ್ಕೊಂದು ಕೋಣೆ, ಅದಕ್ಕೊಂದು ಗಳ, ಅದಕ್ಕೆ ಮಳೆ ಬರುವ ಯಂತ್ರ! ನನ್ನ ಸೀರೆ ಎಲ್ಲಿ ಒಣಗಿಸ್ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ? ನಿನ್ನ ಚಡ್ಡಿಯ ಒಟ್ಟಿಗೆ ಮಡಿ ಒಣಗ್ತದಾ?”

ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಗಂಡ ಹೋಗಿ ಡ್ರಿಲ್ಲಿಂಗ್ ಮಷೀನ್ ತೆಗೆದುಕೊಂಡು ಬಂದರು. ಮೊದಲ ಗಳ ಅತ್ತೆಯದಾಯಿತು. ನಮ್ಮ ಮಲಗುವ ಕೋಣೆಯಲ್ಲಿ, ರೇಡಿಯೇಟರಿನಿಂದ ದೂರ, ಅತ್ತೆ ಕೆಳಗೆ ನಿಂತು “ಇನ್ನೂ ಮೇಲೆ, ಇನ್ನೂ ಮೇಲೆ” ಎಂದಷ್ಟು ಎತ್ತರದಲ್ಲಿ.

ಆಮೇಲೆ ಆ ಕೋಣೆ. ಗಂಡ, ಮಗಳು ಗೋಡೆ ಉಜ್ಜಿ, ಬಣ್ಣ ಹೊಡೆದು, ಕರಗಿದ್ದ ಪ್ಲಾಸ್ಟಿಕ್ ಬಳ್ಳಿಗಳನ್ನು ಕಿತ್ತು ಎಸೆದರು. ಈ ಸಲ ನಾನೂ ಕೈ ಹಾಕಿದೆ. ಥರ್ಮೋಸ್ಟಾಟನ್ನು ನಂಬಿ ದೊಡ್ಡ ಬಲ್ಬು ಹಾಕುವುದರ ಬದಲು, ಪೂರ್ತಿ ಉರಿದರೂ ಕೊಂಬೆಯ ಮೇಲೆ ಮೂವತ್ತು ಡಿಗ್ರಿ ದಾಟದಷ್ಟು ಚಿಕ್ಕ ಬಲ್ಬು ಹುಡುಕಿದೆ. ದೀಪವನ್ನು ಸರಪಳಿಯಿಂದ ಛಾವಣಿಗೇ ತೂಗಿಸಿದೆವು. ಬಿದಿರಿನ ಗಳ ಅದರಿಂದ ಒಂದು ಮಾರು ದೂರದಲ್ಲೇ ಮುಗಿಯುತ್ತದೆ. ದೀಪದ ಕೆಳಗೆ ಬಟ್ಟೆ ಹರವಲಾಗದಂಥ ಸಣ್ಣ ಕವಲುಕೊಂಬೆ ಮಾತ್ರ. ಶಾಖ ಅಳೆಯುವ ತುದಿಗೆ ಗಟ್ಟಿ ಬಲೆಯ ಗೂಡು. ಕೋಣೆಯೊಳಗೇ ಒಂದು ಹೊಗೆ ಅಲಾರಂ, ಹಾಲ್‌ನಲ್ಲಿರುವುದಕ್ಕೆ ಜೋಡಿಸಿದ್ದು. ಒಂದು ಕೂಗಿದರೆ ಎರಡೂ ಕೂಗಬೇಕು. ದೀಪ ಬೆಳಿಗ್ಗೆ ಎಂಟಕ್ಕೆ ಹತ್ತಿ ಸಂಜೆ ಏಳಕ್ಕೆ ಆರುವಂತೆ ಟೈಮರ್.

ಎಲ್ಲ ಮುಗಿದ ಮೇಲೂ ಎಂಟು ದಿನ ಗೋಸುಂಬೆಯನ್ನು ಬಿಡಲಿಲ್ಲ. ಖಾಲಿ ಕೋಣೆಯಲ್ಲಿ ದೀಪ ಉರಿಸಿ, ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಲ್ಯಾಪ್‌ಟಾಪ್ ಅಲ್ಲಿಗೇ ಒಯ್ದು, ಕೊಂಬೆಯ ಶಾಖವನ್ನು ಗಂಟೆಗೊಮ್ಮೆ ನೋಡುತ್ತ ಕೂತಿದ್ದೆ. ಬೆಳಿಗ್ಗೆ ಎಂಟಕ್ಕೆ ದೀಪ ಹತ್ತುವಾಗ ಅದರ ಮುಂದೆಯೇ ನಿಂತಿರುತ್ತಿದ್ದೆ. ಪಂಜರದಲ್ಲಿ ಅದು ಎರಡು ದಿನಕ್ಕೊಂದು ಮಿಡತೆ ತಿಂದರೆ ಹೆಚ್ಚು. ಕಣ್ಣು ಒಳಸೇರುತ್ತಿತ್ತು. ಮಗಳು ದಿನಾ ಅದರ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದಳು. ತೂಕ ಇಳಿಯುತ್ತಿತ್ತು.

ಎಂಟನೇ ದಿನ ಅತ್ತೆ ಬಾಗಿಲ ಬಳಿ ಬಂದು ನಿಂತರು. ಒಳಗೆ ಬರಲಿಲ್ಲ; ಬೆಂಕಿಯ ನಂತರ ಅವರು ಆ ಹೊಸಿಲು ದಾಟಿರಲಿಲ್ಲ.

“ಎಂತ ಕಾಯ್ತಾ ಕೂತದ್ದು ಮಾರಾಯ್ತಿ? ದೀಪ ಎಲ್ಲಿಗೂ ಓಡಿ ಹೋಗುದಿಲ್ಲ.”

“ಇನ್ನೊಂದೆರಡು ದಿನ ನೋಡ್ತೀನಿ ಅತ್ತೆ.”

ಅತ್ತೆ ಹೇಳಿದರು: “ನೀನು ನಿಂತದ್ದು ನಾನು ನೋಡಿದ್ದೇನೆ. ನಾನು ಹೇಳಿದ್ದಕ್ಕೆ ನಿಂತದ್ದಲ್ವಾ?”

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ಇನ್ನು ಮೇಲೆ ಬೆಂಕಿ ಹತ್ತಿದಾಗ ನನ್ನ ಮಾತು ಕೇಳ್ಬೇಡ. ಬೇರೆ ಹೊತ್ತಲ್ಲಿ ಕೇಳು.” ಆಮೇಲೆ ಹಾಲ್‌ನ ಕಡೆ ತಿರುಗಿ, “ಆ ಮಾಣಿ ಒಣಗಿ ಕಡ್ಡಿ ಆಗಿದ್ದಾನೆ. ಬಿಟ್ಟುಬಿಡು ಅತ್ಲಾಗೆ,” ಎಂದರು.

ಮರುದಿನ, ಶನಿವಾರ, ಮಗಳು ಪಂಜರವನ್ನು ಫೈಕಸ್ಸಿನ ಪಕ್ಕಕ್ಕೆ ತಂದು ಬಾಗಿಲು ತೆರೆದಳು. ಗೋಸುಂಬೆ ಒಂದು ಕಣ್ಣು ಹೊರಗೆ, ಒಂದು ಕಣ್ಣು ನಮ್ಮ ಕಡೆ ತಿರುಗಿಸಿ ಇಪ್ಪತ್ತು ನಿಮಿಷ ಕದಲಲಿಲ್ಲ. ಆಮೇಲೆ ಒಂದು ಕಾಲು ಚಾಚಿ, ಗಾಳಿಗೆ ತೂಗುವ ಎಲೆಯ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೊಂಬೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ದೀಪದ ಕೆಳಗಿನ ಕವಲಿಗೆ ತಲುಪಿತ್ತು. ಮಗಳು ಮುಂದೆ ಹಿಡಿದ ಮಿಡತೆಗಳಲ್ಲಿ ನಾಲ್ಕನ್ನು ನುಂಗಿತು. “ಫೋರ್!” ಎಂದು ಅವಳು ಅಡಿಗೆಮನೆಯವರೆಗೆ ಕೇಳುವಂತೆ ಕೂಗಿದಳು. ಒಳಗಿನಿಂದ ಅತ್ತೆ, “ಹೂವಾದ್ರೂ ಉಳೀಲಿ!” ಎಂದರು. ಸಂಜೆ ಏಳಕ್ಕೆ ದೀಪ ತಾನಾಗಿ ಆರಿತು. ಅದು ಕೊಂಬೆಗೆ ಬಾಲ ಸುತ್ತಿ, ತಿಳಿಹಸಿರಾಗಿ ಮಲಗಿತು. ನಾವು ಉಂಡು ಮಲಗಿದೆವು.

ಎಚ್ಚರವಾದಾಗ ಭಾನುವಾರ ಬೆಳಿಗ್ಗೆ ಎಂಟೂ ಇಪ್ಪತ್ತು. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ. ಗಂಡ ಪಕ್ಕದಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಹಾಸಿಗೆಯಲ್ಲೇ ಕೂತು ಲೆಕ್ಕ ಹಾಕಿದೆ: ಆ ಕೋಣೆಯಲ್ಲಿ ದೀಪ ಹತ್ತಿ ಇಪ್ಪತ್ತು ನಿಮಿಷವಾಗಿತ್ತು, ನಾನು ಅಲ್ಲಿ ಇರಲಿಲ್ಲ.