ಹೊಸಬರು ಎಲ್ಲಿಯ ತನಕ

ನಿಂಬರ್ಗಾದ ಮಲ್ಕಮ್ಮನ ಗಂಡ ಧರ್ಮಣ್ಣ ಸೋಲಾಪುರದಲ್ಲಿ ಬಟ್ಟೆಯ ಗಿರಣಿಯಲ್ಲಿದ್ದ. ಮದುವೆಯಾದ ಮೇಲೆ ಅವಳೂ ಅಲ್ಲಿಗೇ ಹೋದಳು. ೧೯೭೪ರ ದಸರೆಯಲ್ಲಿ ಗಿರಣಿಯ ಗೆಳೆಯರ ಜೊತೆ ಗಂಡ ಹೆಂಡತಿ ಬಿಳಿ ಬಟ್ಟೆ ಉಟ್ಟು ಬೌದ್ಧ ದೀಕ್ಷೆ ತೆಗೆದುಕೊಂಡರು. ಧರ್ಮಣ್ಣನ ಕೆಲಸ ಹೋದಾಗ ಊರಿಗೆ ಮರಳಿದರು.

ಅತ್ತೆ ಹೀರಾಬಾಯಿ ಹಬ್ಬ ಬಂದರೆ ಕೇರಿಯ ಹಳೆಯ ರೂಢಿಯಂತೆ ಊರ ಮನೆಗಳ ಮುಂದೆ ನಿಂತು ರೊಟ್ಟಿ ಬೇಡಿ ತರುತ್ತಿದ್ದಳು. ಈಗ ಸೊಸೆಯನ್ನು ಕರೆದರೆ ಅವಳು ಏಳಲಿಲ್ಲ.

"ದುಡದ್ ತಿಂತೇನ್ರಿ ಅತ್ತಿ, ಬೇಡಿ ತಿನ್ನಂಗಿಲ್ಲ."

ಹೀರಾಬಾಯಿ ಸೊಸೆಯೊಂದಿಗೆ ಮಾತು ಬಿಟ್ಟಳು.

ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗ ಜೊತೆಗಾತಿ ಗುರುಬಾಯಿ ಕೇಳಿದಳು: "ನಿಮಗ ನವಬೌದ್ಧರು ಅಂತಾರಲ್ಲಬೇ, ನವ ಅಂದ್ರೇನು? ಮೈಯಾಗ ನವಿ ಎದ್ದೈತೇನು?"

ಎಲ್ಲರೂ ನಕ್ಕರು. ಮಲ್ಕಮ್ಮನೂ ನಕ್ಕಳು. ಆದರೆ ತನ್ನದೇ ಹೆಸರಿನ ಅರ್ಥ ತನಗೆ ಗೊತ್ತಿಲ್ಲವಲ್ಲ ಎಂದು ದಿನವಿಡೀ ಕಸಿವಿಸಿಯಾಯಿತು. ಮನೆಗೆ ಬಂದವಳೇ ಗಂಡನನ್ನು ಕೇಳಿದಳು.

"ನವ ಅಂದ್ರ ಹೊಸಾದು," ಎಂದ ಧರ್ಮಣ್ಣ. "ಐವತ್ತಾರರಾಗ ನಾಗಪುರದಾಗ ಲಕ್ಷಗಟ್ಟಲೆ ಮಂದಿ ದೀಕ್ಷಾ ತಗೊಂಡ್ರು ನೋಡು, ಆಮ್ಯಾಲ ಮರಾಠಿ ಮಂದ್ಯಾಗ ಈ ಮಾತು ಹುಟ್ತು. ಅಲ್ಲಿಂದ ನಮ್ಮ ಕಡಿ ಬಂತು. ಕೆಲವ್ರು ಅಭಿಮಾನದಿಂದ ಅಂತಾರ. ಕೆಲವ್ರು ನಿನ್ನಿ ಮೊನ್ನಿ ಬಂದವ್ರು ಅಂತ ಚುಚ್ಚಾಕ ಅಂತಾರ."

"ಹಂಗಾದ್ರ ನಾವು ಹಳಬ್ರು ಆಗೂದು ಯಾವಾಗ?"

ಒಲೆಯ ಮುಂದಿದ್ದ ಹೀರಾಬಾಯಿ, ಮುಖ ಇತ್ತ ತಿರುಗಿಸದೆಯೇ, ಬಿಟ್ಟ ಮಾತನ್ನು ಮತ್ತೆ ಹಿಡಿದಳು. "ನಾನೂ ಈ ಮನೀಗಿ ಹೊಸಾಕಿ ಆಗೇ ಬಂದಿದ್ನಿ. ಒಂದ್ ಕೂಸ ಹಡದ್ ಮ್ಯಾಲ ಯಾರೂ ಹೊಸಾಕಿ ಅನ್ನಲಿಲ್ಲ."

ಮಲ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಅಂದು ಮೂವರೂ ಕೂಡಿ ಉಂಡರು.

ಮುಂದೆ ಮಗಳು ಹುಟ್ಟಿದಳು. ಗೌತಮಿ ಎಂದು ಹೆಸರಿಟ್ಟರು. ಹೀರಾಬಾಯಿ ಮಂಗಳವಾರ ಎಲ್ಲಮ್ಮನಿಗೆ ಕೈ ಮುಗಿಯುವುದನ್ನು ಬಿಡಲಿಲ್ಲ. ಹುಣ್ಣಿಮೆಗೆ ಸೊಸೆ ಬುದ್ಧವಂದನೆ ಹೇಳುವಾಗ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದನ್ನೂ ತಪ್ಪಿಸಲಿಲ್ಲ.

೧೯೯೪ರಲ್ಲಿ ಗೌತಮಿಯ ಮದುವೆ ನೆಲೋಗಿಯ ಬೌದ್ಧರ ಹುಡುಗನೊಂದಿಗೆ ಆಯಿತು. ಬೀಗರ ನೆರೆಯವರಾದ ಜಗದೇವಪ್ಪ ಬುದ್ಧನ ಪಟದ ಮುಂದೆ ನಡೆಯುವ ಇಂಥ ಮದುವೆ ನೋಡಿದ್ದು ಅದೇ ಮೊದಲು.

"ಇದು ನವಬೌದ್ಧರ ಲಗ್ನ ಏನವ್ವ?" ಎಂದು ಕೇಳಿದರು.

"ನಾನು, ನಮ್ಮ ಮನ್ಯಾರು ನವಬೌದ್ಧರು ಹೌದ್ರಿ," ಎಂದಳು ಮಲ್ಕಮ್ಮ. "ಹುಡುಗ ಹುಡುಗಿ ಹುಟ್ಟಾ ಬೌದ್ಧರು."

ಜಗದೇವಪ್ಪ ತಲೆದೂಗಿದರು. ಮಲ್ಕಮ್ಮ ಸೆರಗು ಸಿಕ್ಕಿಸಿಕೊಂಡು, "ಬರ್ರಿ ಯಪ್ಪಾ, ಪಂಕ್ತಿಗಿ ಕೂಡ್ರಿ, ಹೋಳಿಗಿ ಆರಾಕತ್ತಾವ," ಎಂದು ಅವರನ್ನು ಊಟಕ್ಕೆ ಕರೆದೊಯ್ದಳು.