ರಾತ್ರಿ ಏನು ತಿಂದೆ, ಹಗ್ಗದಣ್ಣ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹದಿನಾಲ್ಕು ಮಹಡಿಯ ಕಚೇರಿ ಕಟ್ಟಡದ ತಾರಸಿಯ ಮೇಲೆ ಒಬ್ಬಾತ ಕಾಲು ಚಾಚಿ ಕೂತು ಹಗ್ಗವನ್ನು ಗೇಣು ಗೇಣಾಗಿ ಅಂಗೈಯಲ್ಲಿ ಸರಿಸುತ್ತಿದ್ದಾನೆ. ಕಣ್ಣು ಮುಚ್ಚಿದೆ. ಎಳೆ ಎಲ್ಲಾದರೂ ಸವೆದಿದ್ದರೆ ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ ಎನ್ನುವುದು ಅವನ ಲೆಕ್ಕ. ಟ್ಯಾಂಕಿನ ಹಿಂದಿನಿಂದ ಗಾಳಿ ಬೀಸಿ ಖಾಲಿ ಬಕೆಟ್ಟು ಉರುಳುತ್ತದೆ. ಅವನು ಬೆಚ್ಚಿಬೀಳುತ್ತಾನೆ.

‘ಬಕೆಟ್ಟಿಗೆಲ್ಲ ಬೆಚ್ಚೋ ಆಸಾಮಿ ಅಲ್ಲ ಇದು’ ಎಂದು ಗುಂಡ ಎನ್ನುವವನು ಪಕ್ಕದಲ್ಲಿರುವ ಕಡ್ಡಿ ಎನ್ನುವ ಹುಡುಗನ ಕಿವಿಯಲ್ಲಿ ಹೇಳುತ್ತಾನೆ.

ಎತ್ತರದ ಕಟ್ಟಡಗಳ ಗಾಜು ತೊಳೆಯುವ ತಂಡವಿದು. ಹಗ್ಗದಲ್ಲಿ ತೂಗುತ್ತ ಇಳಿಯುವ ಕಡ್ಡಿ, ಗುಂಡರನ್ನು ಬೀದಿಯ ಜನ ಕತ್ತೆತ್ತಿ ನೋಡುತ್ತಾರೆ, ಫೋಟೊ ಹೊಡೆಯುತ್ತಾರೆ. ಆ ಹಗ್ಗ ಕಟ್ಟಿ, ಇಳಿದವರ ಕಾಲು ನೆಲ ಮುಟ್ಟುವ ತನಕ ಅದರ ಮೇಲೆ ಕೈಯಿಟ್ಟು ಕೂರುವವನು ಮಾತ್ರ ಬೀದಿಗೆ ಕಾಣುವುದೇ ಇಲ್ಲ. ತಂಡದವರಿಗೆ ಅವನು ಹಗ್ಗದಣ್ಣ. ಹೆಂಡತಿಯ ಬಾಯಲ್ಲಿ ಬೇರೆ: ‘ಮನೇಲಿ ಒಂದು ಬಟ್ಟೆ ಒಣಗಿಸೋ ಹಗ್ಗ ಕಟ್ಕೊಡಿ ಅಂದ್ರೆ ತಿಂಗಳು ಬೇಕು. ಊರೋರ ಸೊಂಟಕ್ಕೆ ಮಾತ್ರ ದಿನಾ ಕಟ್ತಾರೆ.’

ಮೊದಲು ಅವನು ಲಾರಿಗಳಿಗೆ ಲೋಡು ಕಟ್ಟುತ್ತಿದ್ದ. ಆಮೇಲೆ ಕೆಲವು ವರ್ಷ ತಾನೇ ಗಾಜಿಗೆ ಇಳಿದ. ಮೊಣಕಾಲು ಕೈಕೊಟ್ಟ ಮೇಲೆ ತಾರಸಿಯೇ ಗತಿಯಾಯಿತು. ಬಿಸಿಲು ಬಿದ್ದರೆ ಸೋಪಿನ ನೀರು ಗಾಜಿನ ಮೇಲೇ ಒಣಗಿ ಕಲೆ ಕೂರುವುದರಿಂದ ಕತ್ತಲಿರುವಾಗಲೇ ಮನೆ ಬಿಡುತ್ತಾನೆ. ಮಕ್ಕಳು ಎಚ್ಚರವಿರುವಾಗ ಅವನ ಮುಖ ನೋಡುವುದು ರಜೆಯ ದಿನ ಮಾತ್ರ. ‘ಲಾರೀಲಿ ಗಂಟು ಸಡಿಲ ಆದ್ರೆ ಮೂಟೆ ಬೀಳುತ್ತೆ. ಬೈಸ್ಕೊಂಡು ಮನೆಗೆ ಹೋಗ್ಬಹುದು. ಇಲ್ಲಿ ಬೈಯೋಕೂ ಯಾರೂ ಇರಲ್ಲ’ ಎನ್ನುತ್ತಾನೆ.

ಇಳಿಯುವ ಪ್ರತಿಯೊಬ್ಬನಿಗೂ ಎರಡು ಹಗ್ಗ. ಭಾರ ಹೊರುವುದು ಕೆಲಸದ ಹಗ್ಗ; ಅದು ಕೈಬಿಟ್ಟರೆ ಹಿಡಿದುಕೊಳ್ಳುವುದು ಜೀವದ ಹಗ್ಗ. ಎರಡನ್ನೂ ತಾರಸಿಯ ನೆಲಕ್ಕೆ ಬಿಗಿದ ಎರಡು ಬೇರೆ ಕೊಂಡಿಗೆ ಕಟ್ಟಬೇಕು. ಒಂದೇ ಕೊಂಡಿಗೆ ಕಟ್ಟಿ ಆ ಕೊಂಡಿಯೇ ಕಿತ್ತು ಬಂದರೆ ಎರಡೂ ಹೋದ ಹಾಗೆ. ಜೀವದ ಹಗ್ಗ ಒಬ್ಬೊಬ್ಬರದು ಒಂದೊಂದು ಬಣ್ಣ. ಕಡ್ಡಿಯದು ಕೆಂಪು, ಗುಂಡನದು ಹಳದಿ, ರೇಡಿಯೊದು ನೀಲಿ.

ರೇಡಿಯೊ ಈಗ ಇಲ್ಲ. ಬಾಯಿ ಮುಚ್ಚದ ಹುಡುಗ, ಅದಕ್ಕೇ ಆ ಹೆಸರು. ಎರಡು ವಾರದ ಹಿಂದೆ ಇದೇ ಕಟ್ಟಡದ ಮುಂಭಾಗವನ್ನು ಅರ್ಧ ತೊಳೆದು, ‘ಮಿಕ್ಕಿದ್ದು ನಾಳೆ’ ಎಂದು ಬೈಕು ಹತ್ತಿದವನು ಮನೆ ಮುಟ್ಟಲಿಲ್ಲ. ತಿರುವಿನಲ್ಲಿ ಚಕ್ರ ಜಾರಿತು. ‘ಇಷ್ಟು ಎತ್ತರದಲ್ಲಿ ಏನೂ ಆಗ್ಲಿಲ್ಲ, ನೆಲದ ಮೇಲೆ ಹೋಗ್ಬಿಟ್ಟ’ ಎಂದು ಗುಂಡ ಈಗಲೂ ದಿನಕ್ಕೊಮ್ಮೆ ಹೇಳುತ್ತಾನೆ, ಯಾರೋ ಮೋಸ ಮಾಡಿದರು ಎನ್ನುವ ಹಾಗೆ. ಅವನು ತೊಳೆದ ಗಾಜು ಎಲ್ಲಿ ಮುಗಿಯಿತೋ ಅಲ್ಲಿಂದ ಧೂಳು. ಗೆರೆ ಎಳೆದ ಹಾಗೆ ಬೀದಿಯಿಂದಲೂ ಕಾಣುತ್ತದೆ. ಆಮೇಲೆ ತಂಡ ಇಲ್ಲಿಗೆ ಬಂದಿರುವುದು ಇವತ್ತೇ; ಅದನ್ನು ನಾನೇ ಮುಗಿಸುತ್ತೇನೆ ಎಂದು ಕಡ್ಡಿ ಹಟ ಹಿಡಿದಿದ್ದಾನೆ. ಇಬ್ಬರೂ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರು.

ಕಡ್ಡಿ ಬೆಲ್ಟು ಬಿಗಿದುಕೊಂಡು ಅಂಚಿನ ಗೋಡೆಯ ಬಳಿ ಬರುತ್ತಾನೆ. ಹಗ್ಗದಣ್ಣ ದಿನವೂ ಕೇಳುವುದನ್ನು ಕೇಳುತ್ತಾನೆ.

‘ರಾತ್ರಿ ಏನು ತಿಂದೆ?’

ಈ ಪ್ರಶ್ನೆ ಹುಟ್ಟಿಸಿದವನು ರೇಡಿಯೊ. ಒಂದು ಬೆಳಿಗ್ಗೆ ತಮಾಷೆಗೆ ಗುಂಡನನ್ನು ಹೀಗೆ ಕೇಳಿದಾಗ ಗುಂಡ ಪಿಳಿಪಿಳಿ ನೋಡಿದ್ದ. ‘ಅಣ್ಣಾ, ಊಟ ಮರೆಯೋ ಜಾತಿ ಅಲ್ಲ ಇದು. ಇವನ ತಲೆ ಇಲ್ಲಿಲ್ಲ, ಇಳಿಸ್ಬೇಡ’ ಎಂದಿದ್ದ ರೇಡಿಯೊ. ಮುಟ್ಟಿ ನೋಡಿದರೆ ಗುಂಡನಿಗೆ ಜ್ವರ, ಮೈ ಕಾದ ಹೆಂಚು. ಅಂದಿನಿಂದ ತಡವರಿಸದೆ ಉತ್ತರ ಕೊಟ್ಟವನಿಗೆ ಮಾತ್ರ ಹಗ್ಗ.

ಕಡ್ಡಿ ಗಾಜಿನ ಕಡೆ ನೋಡುತ್ತಾನೆ. ‘ಏನೋ ತಿಂದೆ, ಬಿಡಣ್ಣ.’

‘ಏನೋ ಅಂದ್ರೆ?’

‘ಹೊಟ್ಟೆ ನಂದು ತಾನೆ?’

‘ಹಗ್ಗ ನಂದು. ಕೂತ್ಕೋ.’

ಅಷ್ಟರಲ್ಲಿ ಕಟ್ಟಡದ ಮ್ಯಾನೇಜರ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರುತ್ತಾರೆ. ‘ಇನ್ನೂ ಇಳಿದಿಲ್ವಾ? ಹತ್ತು ಗಂಟೆಗೆ ಕಂಪನಿ ದೊಡ್ಡವರು ಬರ್ತಾರೆ. ಮುಂದಿನ ಗಾಜು ಹಿಂಗಿದ್ರೆ ನನ್ನ ಮುಖಕ್ಕೆ ಮಸಿ.’

‘ಟೀ ಕುಡಿದು ಇಳೀತಾರೆ ಸಾರ್.’

‘ಟೀ ಕುಡಿಯೋ ಹೊತ್ತಾ ಇದು? ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಬೇರೆಯವರು ಕಾಯ್ತಿದ್ದಾರೆ’ ಎಂದು ಗಡಿಯಾರ ತೋರಿಸಿ ಕೆಳಗಿಳಿಯುತ್ತಾರೆ.

ಟ್ಯಾಂಕಿನ ಮರೆಯಲ್ಲಿ ಮೂವರೂ ಕೂರುತ್ತಾರೆ. ಫ್ಲಾಸ್ಕಿನ ಮುಚ್ಚಳವೇ ಲೋಟ. ಕೈಯಿಂದ ಕೈಗೆ ಹೋಗುತ್ತದೆ. ನಾಲ್ಕನೆಯ ಕೈಗೆ ಕೊಡಲು ಹೋಗಿ ಗುಂಡ ಕೈ ಹಿಂದೆಳೆದುಕೊಳ್ಳುತ್ತಾನೆ. ಯಾರೂ ಮಾತಾಡದಿದ್ದರೆ ಅಳು ಬರುತ್ತದೆ ಎನ್ನುವುದು ಅವನಿಗೆ ಗೊತ್ತು.

‘ಹನ್ನೊಂದನೇ ಮಹಡಿ ಮೀಸೆ ನೆನಪಿದ್ಯಾ?’ ಎಂದು ಶುರು ಹಚ್ಚುತ್ತಾನೆ. ‘ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೀತಿದ್ನಲ್ಲ. ರೇಡಿಯೊ ಗಾಜಿನ ಮೇಲೆ ಸೋಪಿನಲ್ಲಿ ಅವನಿಗಿಂತ ದೊಡ್ಡ ಮೀಸೆ ಬರೆದು, ಟಕಟಕ ಬಡಿದು ಎಬ್ಬಿಸಿದ. ಆವಯ್ಯ ಎದ್ದವನೇ ಸಲಾಮು ಹೊಡೆದ!’

ಹಗ್ಗದಣ್ಣನಿಗೆ ನಗು. ‘ನಂಗೆ ಎಷ್ಟು ಕಾಟ ಕೊಡ್ತಿದ್ದ ಅವನು! ದಿನಾ ಗೋಡೆ ಹತ್ತಿ ಮತ್ತೆ ಇಳಿದು ಬಂದು ಗಂಟು ಎಳೆದು ನೋಡೋನು. ನನ್ನ ಮೇಲೆ ನಂಬಿಕೆ ಇಲ್ವೇನೋ ಅಂದ್ರೆ, ನಿನ್ನ ಮೇಲಿದೆ ಅಣ್ಣ, ನಿನ್ನ ಕೈ ಮೇಲಿಲ್ಲ, ಅಂತಿದ್ದ. ನಂಗೆ ರೇಗಿಹೋಗ್ತಿತ್ತು.’

ಕಡ್ಡಿ ಗುಂಡನ ಕೈಯಿಂದ ಮುಚ್ಚಳ ಇಸಿದುಕೊಂಡು ಬಾಯಿ ಬಿಡುತ್ತಾನೆ. ‘ಅವರಮ್ಮನಿಗೆ ಏನು ಹೇಳಿದ್ದ ಗೊತ್ತಾ? ಕಿಟಕಿ ಪಕ್ಕ ಕೂತು ಮಾಡೋ ಕೆಲಸ ಅಂತ. ಮೊನ್ನೆ ಬಟ್ಟೆಬರೆ ಕೊಡೋಕೆ ಹೋದೆ. ನನ್ನ ಮಗ ಎಷ್ಟನೇ ಮಹಡೀಲಿ ಕೂರ್ತಿದ್ನಪ್ಪಾ ಅಂತ ಕೇಳಿದ್ರು.’

‘ಏನಂದೆ?’ ಎನ್ನುತ್ತಾನೆ ಗುಂಡ.

‘ಎಲ್ಲಾ ಮಹಡೀಲೂ ಅಮ್ಮಾ, ಅಂದೆ. ಅಷ್ಟು ದೊಡ್ಡ ಕೆಲಸಾನಾ ಅಂದ್ರು.’

ಗುಂಡ ನಗಲು ಹೋಗಿ ಕೆಮ್ಮುತ್ತಾನೆ. ಕಡ್ಡಿಯ ಕಣ್ಣು ತುಂಬಿದ್ದರೂ ತುಟಿಯಲ್ಲಿ ನಗು ಇದೆ. ಮೂಗೊರೆಸಿಕೊಂಡು ಎದ್ದು, ಯಾರೂ ಕೇಳದೆಯೇ ಹೇಳುತ್ತಾನೆ: ‘ಬ್ರೆಡ್ಡು, ಎರಡು ಮೊಟ್ಟೆ. ಒಂದು ಸೀದುಹೋಗಿತ್ತು. ಅದನ್ನೂ ತಿಂದೆ.’

ಹಗ್ಗದಣ್ಣ ತಲೆಯಾಡಿಸುತ್ತಾನೆ. ಕಡ್ಡಿ ಗೋಡೆ ಹತ್ತಿ ಒಂದು ಕಾಲನ್ನು ಆಚೆ ಹಾಕುತ್ತಾನೆ. ಕೆಳಗೆ ಬೀದಿ ಬೆರಳಗಲ. ಗಾಳಿ ಮತ್ತೆ ಏಳುತ್ತಿದೆ. ಇನ್ನೊಂದು ಕಾಲನ್ನೂ ಎತ್ತಬೇಕು, ಅಷ್ಟರಲ್ಲಿ ಏನು ಹೊಳೆಯಿತೋ, ತಿರುಗಿ ಕೇಳುತ್ತಾನೆ:

‘ಅದ್ಸರಿ, ನೀನೇನು ತಿಂದೆ?’

ಇಷ್ಟು ವರ್ಷದಲ್ಲಿ ಯಾರೂ ಹಗ್ಗದಣ್ಣನನ್ನು ಹೀಗೆ ಕೇಳಿಲ್ಲ. ಕೇಳುವವನು ಅವನು, ಹೇಳುವವರು ಉಳಿದವರು. ಹಗ್ಗದಣ್ಣ ಬಾಯಿ ತೆರೆಯುತ್ತಾನೆ. ಹೆಂಡತಿ ತಟ್ಟೆ ಇಟ್ಟದ್ದು ನೆನಪಿದೆ. ಅದರಲ್ಲಿ ಏನಿತ್ತು?

‘ಅಣ್ಣಾ?’

‘ಅದೇ… ಅನ್ನ… ಅಲ್ಲ…’

ತಮಾಷೆ ಎಂದುಕೊಂಡಿದ್ದ ಗುಂಡನ ನಗು ಅರ್ಧಕ್ಕೇ ನಿಲ್ಲುತ್ತದೆ. ಕಡ್ಡಿ ಮೆಲ್ಲಗೆ, ಬಲು ಮೆಲ್ಲಗೆ ಕಾಲನ್ನು ಒಳಗೆ ತೆಗೆದುಕೊಂಡು, ರೇಡಿಯೊ ಬರುತ್ತಿದ್ದ ಹಾಗೇ ಇಳಿದು ಬಂದು, ಕೊಂಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ.

ಮೊದಲ ಕೊಂಡಿಯಲ್ಲಿ ಅವನ ಕೆಲಸದ ಹಗ್ಗವಿದೆ. ಅದರ ಮೇಲೆಯೇ, ಅದೇ ಕೊಂಡಿಗೆ, ಅವನ ಕೆಂಪು ಹಗ್ಗವೂ ಇದೆ. ಎರಡನೆಯ ಕೊಂಡಿಯಲ್ಲಿ ನೀಲಿ ಹಗ್ಗ, ಅಚ್ಚುಕಟ್ಟಾಗಿ, ಬಿಗಿಯಾಗಿ, ಯಾರಿಗೂ ಅಲ್ಲದೆ.

ಈ ಜಾಗದಿಂದ ಇಳಿಯುತ್ತಿದ್ದವನು ರೇಡಿಯೊ. ಚೀಲ ಬಿಚ್ಚಿದ ಕೈ ತನ್ನ ಪಾಡಿಗೆ ತಾನು ನೀಲಿಯನ್ನು ಅದರ ಜಾಗಕ್ಕೆ ಕಟ್ಟಿತ್ತು. ಈ ಜಾಗಕ್ಕಿರುವುದು ಎರಡೇ ಕೊಂಡಿ; ಆಮೇಲೆ ಕೆಂಪಿಗೆ ಬೇರೆ ಕೊಂಡಿ ಉಳಿದಿರಲಿಲ್ಲ.

ಹಗ್ಗದಣ್ಣ ತನ್ನ ಎರಡು ಅಂಗೈಗಳನ್ನೂ ಬೇರೆ ಯಾರದೋ ಎನ್ನುವ ಹಾಗೆ ನೋಡಿಕೊಂಡು ತೊಡೆಯ ಕೆಳಗೆ ಇಟ್ಟು ಕೂರುತ್ತಾನೆ. ‘ಬಿಚ್ಚು’ ಎನ್ನುತ್ತಾನೆ ಗುಂಡನಿಗೆ. ‘ಎಲ್ಲಾ ಬಿಚ್ಚು. ಇವತ್ತು ನಾನು ಕಟ್ಟಲ್ಲ.’

ಮ್ಯಾನೇಜರ್ ಮತ್ತೆ ಬಂದು ಕೂಗಾಡುತ್ತಾರೆ. ನೆಪ ಹೇಳಬಹುದಿತ್ತು, ಗಾಳಿ ಹೇಗೂ ಇತ್ತು. ಅವನು ಹೇಳುವುದಿಲ್ಲ. ‘ತಪ್ಪು ಕಟ್ಟಿದ್ದೆ ಸಾರ್. ಬೇರೆಯವರನ್ನ ಕರೆಸೋದಾದ್ರೆ ಕರೆಸಿ.’ ಮ್ಯಾನೇಜರ್ ಕೊಂಡಿಯನ್ನೂ ಬೀದಿಯನ್ನೂ ಒಮ್ಮೆ ನೋಡಿ, ‘ನಾಳೆ ಬೆಳಿಗ್ಗೆ ಮುಗಿಸಿ’ ಎಂದಷ್ಟೇ ಹೇಳಿ ಹೋಗುತ್ತಾರೆ. ದೊಡ್ಡವರು ಅರ್ಧ ಧೂಳಿನ ಗಾಜನ್ನೇ ದಾಟಿ ಒಳಗೆ ಬರುತ್ತಾರೆ.

ಮರುದಿನ ನಸುಕು. ಅದೇ ತಾರಸಿ. ನೀಲಿ ಹಗ್ಗ ಈಗ ಚೀಲದಲ್ಲಿಲ್ಲ; ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗವಾಗಿದೆ. ಮನೆಯವಳಿಗೂ ಸಮಾಧಾನ. ಹಗ್ಗದಣ್ಣನಿಗೆ ಇರುವುದು ಒಂದೇ ಆಸೆ: ‘ಮೊದ್ಲು ನನ್ನ ಕೇಳ್ಲಿ, ಆಮೇಲೆ ನಾನು ಕೇಳ್ತೀನಿ. ನಾಳೆ ನನ್ನ ಜಾಗಕ್ಕೆ ಯಾರೇ ಬಂದ್ರೂ ಅವರನ್ನೂ ಕೇಳ್ಬೇಕು. ಅಷ್ಟೇ.’

ಕೆಂಪು ಹಗ್ಗ ಎರಡನೆಯ ಕೊಂಡಿಯಲ್ಲಿದೆ. ಕಡ್ಡಿ ಅದನ್ನು ಜಗ್ಗಿ ನೋಡಿ ಗೋಡೆಯ ಮೇಲೆ ಕೂತು ಕೇಳುತ್ತಾನೆ.

‘ರಾತ್ರಿ ಏನು ತಿಂದೆ, ಹಗ್ಗದಣ್ಣ?’

‘ಅನ್ನ, ಬದನೆಕಾಯಿ. ಉಪ್ಪು ಜಾಸ್ತಿ ಆಗಿತ್ತು. ನಿಮ್ಮತ್ತಿಗೆಗೆ ಹೇಳ್ಬೇಡ. ಹೂಂ, ನಿಂದು ಹೇಳು.’