ತೆಗೆಯದೆ ಬಿಟ್ಟ ಒಂದು ಆ್ಯಪ್

ನನ್ನ ಹಳೆಯ ಫೋನು ಶಾಲೆಯ ನೀರಿನ ತೊಟ್ಟಿಗೆ ಬಿದ್ದು ಹಾಳಾದ ಮೇಲೆ ಅರಸೀಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಹೊಸದನ್ನು ತೆಗೆದುಕೊಂಡೆ. ನಾನು ಹಳೇಬೀಡಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳ ಹಾಜರಾತಿಯಿಂದ ಹಿಡಿದು ಬಿಸಿಯೂಟದ ಫೋಟೋದವರೆಗೆ ಎಲ್ಲವನ್ನೂ ಫೋನಿನಲ್ಲೇ ಕಳಿಸಬೇಕಾದ ಕಾಲ. ಅದಿಲ್ಲದೆ ಒಂದು ದಿನ ಕಳೆಯುವಂತಿಲ್ಲ. ಅಂಗಡಿಯವನು ಡಬ್ಬಿ ತೆರೆದು, ಸಿಮ್ ಹಾಕಿ, ಪರದೆಯ ಮೇಲೆ ಬಂದ ಪ್ರಶ್ನೆಗಳಿಗೆಲ್ಲ ಪಟಪಟನೆ ಒತ್ತುತ್ತಾ ಹೋದ.

"ಏನದು ಒತ್ತುತ್ತಿರೋದು?" ಎಂದು ಕೇಳಿದೆ.

"ಅಲೌ ಕೊಡ್ತಿದ್ದೀನಿ ಮೇಡಂ. ಕೊಡ್ದಿದ್ರೆ ಮುಂದಕ್ಕೇ ಹೋಗಲ್ಲ."

"ಯಾವುದಕ್ಕೆ ಅಲೌ?"

ಅವನು ತಲೆ ಎತ್ತದೆ ನಕ್ಕ. "ಎಲ್ಲಾದಕ್ಕೂ."

ಆ ನಗು ನನಗೆ ಹಿಡಿಸಲಿಲ್ಲ. ಬಸ್ಸಿನಲ್ಲಿ ಕೂತು ನೋಡಿದರೆ ಫೋನಿನ ತುಂಬ ನಾನು ಕರೆಯದ ನೆಂಟರು. ಮೂರು ಆಟ, ಎರಡು ಆನ್‌ಲೈನ್ ಅಂಗಡಿ, ಜಾತಕ ಹೇಳುವುದೊಂದು, ಕೂಗಾಡುವ ಸುದ್ದಿಯದೊಂದು, ಯಾರು ಫೋನ್ ಮಾಡುತ್ತಿದ್ದಾರೆಂದು ಹೆಸರು ತೋರಿಸುವುದೊಂದು. ಹಳೆಯ ಫೋನಿನಲ್ಲಿದ್ದ ಹೆಸರು, ನಂಬರುಗಳೂ ನನ್ನ ಇಮೇಲ್ ಖಾತೆಯಿಂದ ಆಗಲೇ ಬಂದು ಕೂತಿದ್ದವು. ಅದೊಂದು ಅನುಕೂಲವೇ ಆಯಿತೆಂದುಕೊಂಡೆ.

ಮನೆಯಲ್ಲಿ ನಾವು ಇಬ್ಬರೇ. ನನ್ನ ಯಜಮಾನರು ಹಗರೆಯ ಹತ್ತಿರ ಇರುವ ಹೊಲ, ಎರಡು ಹಸು ನೋಡಿಕೊಂಡಿದ್ದಾರೆ. ಒಂದು ಬೆಳಿಗ್ಗೆ ಅವರು ಹಸುವಿನ ಕೆಚ್ಚಲು ಬಾತಿದೆಯೆಂದು ಹೇಳುತ್ತಿದ್ದರು. ನಾನು ಫೋನು ಪಕ್ಕದಲ್ಲಿಟ್ಟುಕೊಂಡು ಚಪಾತಿ ಲಟ್ಟಿಸುತ್ತಿದ್ದೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಫೋನು ತೆಗೆದರೆ ಪಶು ಆಹಾರದ ಜಾಹೀರಾತು. ನಾನು ಹುಡುಕಿರಲಿಲ್ಲ, ಯಾರಿಗೂ ಬರೆದಿರಲಿಲ್ಲ. ಸಂಜೆ ಯಜಮಾನರಿಗೆ ತೋರಿಸಿದೆ. ಅವರು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗಂಭೀರವಾಗಿ, "ಒಳಗೆ ಯಾವನೋ ಕೂತವ್ನೆ ಕಣೇ" ಎಂದರು. ಅವತ್ತಿನಿಂದ ಮನೆಯ ಮಾತೇನಾದರೂ ಆಡಬೇಕಾದರೆ ನಾನು ಫೋನನ್ನು ರಾಗಿಹಿಟ್ಟಿನ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದೆ. ಅವರು ಅದಕ್ಕೆ ನಗಲೂ ಇಲ್ಲ.

ಮುಂದಿನ ಭಾನುವಾರ ಕೂತು ಶುದ್ಧಿ ಮಾಡಿದೆ. ಆ್ಯಪಿನ ಗುರುತಿನ ಮೇಲೆ ಬೆರಳೊತ್ತಿ ಹಿಡಿದರೆ ಕೆಲವಕ್ಕೆ 'ಅನ್‌ಇನ್‌ಸ್ಟಾಲ್' ಎಂದು ಬರುತ್ತಿತ್ತು. ಆಟಗಳು ಹೋದವು, ಜಾತಕ ಹೋಯಿತು. ಇನ್ನು ಕೆಲವಕ್ಕೆ ಆ ಮಾತೇ ಇಲ್ಲ. ಸೆಟ್ಟಿಂಗ್ಸಿನ ಒಳಗೆ ಹೋಗಿ ಹುಡುಕಿದರೆ 'ಡಿಸೇಬಲ್' ಮಾತ್ರ. ಅಂದರೆ ಮನೆಯಿಂದ ಹೊರಗೆ ಹೋಗುವುದಿಲ್ಲ, ಮೂಲೆಯಲ್ಲಿ ಕಣ್ಣು ಮುಚ್ಚಿ ಮಲಗಿರುತ್ತದೆ. ನಿಜವಾಗಿಯೂ ಕಣ್ಣು ಮುಚ್ಚಿದೆಯೋ ಇಲ್ಲವೋ ಯಾರಿಗೆ ಗೊತ್ತು? ಫೋನು ತಾನೇ ಒಂದು ಸಲ ಅಪ್‌ಡೇಟ್ ಆಗಿ ಎದ್ದಾಗ ಸುದ್ದಿಯದೂ ಒಂದು ಅಂಗಡಿಯೂ ಹೊಲದ ಜೇಕಿನ ಕಳೆಯ ಹಾಗೆ ಮತ್ತೆ ತಲೆ ಎತ್ತಿದ್ದವು. ಮತ್ತೆ ಕಿತ್ತೆ.

ಹೆಸರು ತೋರಿಸುವ ಆ್ಯಪನ್ನು ಮಾತ್ರ ಉಳಿಸಿಕೊಂಡೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಇಂಥವರು ಎಂದು ಮೊದಲೇ ಹೇಳುತ್ತಿತ್ತು. ಮೋಸದ ಕರೆಗಳನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ಆ ಕಳ್ಳರ ಗುಂಪಿನಲ್ಲಿ ಇದೊಂದು ಕಾವಲುಗಾರ ಎಂದು ನಂಬಿದೆ.

ಇಲ್ಲಿ ನಮ್ಮ ಬೀಗಿತ್ತಿಯ ವಿಷಯ ಹೇಳಬೇಕು. ನನ್ನ ಒಬ್ಬಳೇ ಮಗಳನ್ನು ಗಂಡಸಿ ಎಂಬ ಊರಿಗೆ ಕೊಟ್ಟಿದ್ದೇವೆ. ಅವಳು ಅರಸೀಕೆರೆಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಅತ್ತೆ ಊರಿನ ಮಹಿಳಾ ಸಂಘ ನಡೆಸುವ ಹೆಂಗಸು. ಗಟ್ಟಿ ಗಂಟಲು, ಚುರುಕು ಬಾಯಿ. ಸಂಬಂಧದ ಮಾತು ನಡೆಯುತ್ತಿದ್ದ ದಿನಗಳಲ್ಲಿ ಒಮ್ಮೆ ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂದು, ಫೋನಿನಲ್ಲಿ ಅವರ ನಂಬರಿಗೆ 'ಗಂಡಸಿ ಮೆಣಸಿನಕಾಯಿ' ಎಂದು ಹೆಸರು ಹಾಕಿದ್ದೆ. ಸಿಟ್ಟು ಇಳಿಯಿತು, ಮದುವೆಯೂ ಆಯಿತು, ಹೆಸರು ಹಾಗೇ ಉಳಿಯಿತು. ಮಗಳು ಒಂದು ಸಲ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಅವಳ ಹೊರತು ಆ ಹೆಸರನ್ನು ಯಾರೂ ಕಂಡಿರಲಿಲ್ಲ.

ಹೊಸ ಫೋನು ಬಂದು ನಾಲ್ಕೈದು ತಿಂಗಳಾಗಿರಬೇಕು. ಒಂದು ಸಂಜೆ ಮಗಳು ಫೋನ್ ಮಾಡಿದಳು. ದನಿ ಸಣ್ಣಗಿತ್ತು.

"ಅಮ್ಮಾ, ಮನೇಲಿ ದೊಡ್ಡ ಗಲಾಟೆ ಆಗಿದೆ. ಅತ್ತೆ ಎಮ್ಮೆಗೆ ಹುಷಾರಿಲ್ಲ ಅಂತ ಹೊಸ ಡಾಕ್ಟರ್‌ಗೆ ಫೋನ್ ಮಾಡಿದ್ರು. ಅವರು ಎತ್ತಿದ ತಕ್ಷಣ, 'ನಮಗೆ ಮೆಣಸಿನಕಾಯಿ ಬೇಡಮ್ಮ, ಮೊನ್ನೆ ತಾನೆ ತಗೊಂಡಿದ್ದೀವಿ' ಅಂದ್ರಂತೆ."

"ಮೆಣಸಿನಕಾಯಿನಾ?" ಎಂದೆ.

ಬೀಗಿತ್ತಿ ಅದನ್ನು ರಾಂಗ್ ನಂಬರ್ ಅಂದುಕೊಂಡು ಬಿಟ್ಟಿದ್ದರಂತೆ. ಆಮೇಲೆ ಬ್ಯಾಂಕಿನ ಹುಡುಗಿಯೊಬ್ಬಳು ಫೋನಿನಲ್ಲಿ ಮೆಣಸಿನಕಾಯಿ ಎಂದು ನಕ್ಕಳಂತೆ. ಆಗ ಅವರೇ ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರ ಎದುರೇ ನಿಂತು ಅವರ ನಂಬರಿಗೆ ರಿಂಗ್ ಕೊಟ್ಟು ನೋಡಿದ್ದಾರೆ. ಪರದೆಯ ಮೇಲೆ ಕನ್ನಡ ಅಕ್ಷರದಲ್ಲಿ 'ಗಂಡಸಿ ಮೆಣಸಿನಕಾಯಿ'. ಮನೆಗೆ ಬಂದು ಸೊಸೆಯನ್ನು ನಿಲ್ಲಿಸಿ ಕೇಳಿದ್ದಾರೆ: ಈ ಮನೆಯಲ್ಲಿ ಫೋನಿನ ವಿದ್ಯೆಯೆಲ್ಲ ಬಲ್ಲವಳು ನೀನೊಬ್ಬಳೇ, ಯಾರ್ಯಾರಿಗೆ ಹಂಚಿದೀಯ ಹೇಳು.

ಮಗಳು ಅಳುತ್ತಿದ್ದಳು. ನಾನು ಅವಳಿಗೆ ಸಮಾಧಾನ ಹೇಳಬೇಕಿತ್ತು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ.

"ಅದನ್ನ ನೋಡಿದ್ದೋಳು ನೀನೊಬ್ಳೇ ಅಲ್ವೇನೇ? ಯಾರ ಹತ್ರನಾದ್ರೂ ಹೇಳಿದ್ಯಾ?"

"ನಾನು ಯಾಕಮ್ಮ ಹೇಳ್ಲಿ?"

"ನಿನ್ನ ಗಂಡನ ಹತ್ರ? ತಮಾಷೆಗೆ?"

"ನೀನೂ ಅತ್ತೆ ಕೇಳಿದ್ದನ್ನೇ ಕೇಳ್ತಿದ್ಯಲ್ಲಮ್ಮ" ಎಂದವಳೇ ಫೋನ್ ಇಟ್ಟಳು.

ಆ ವಾರವೆಲ್ಲ ನಾನು ಮನುಷ್ಯಳಾಗಿರಲಿಲ್ಲ. ಶಾಲೆಯಲ್ಲಿ ಒಂದು ಸಲ ನನ್ನ ಫೋನು ಈಸಿಕೊಂಡು ಮಾತಾಡಿದ್ದ ಹೊಸ ಶಿಕ್ಷಕಿಯ ಮೇಲೆ ಅನುಮಾನ. ಅವಳ ತವರು ಬಾಣಾವರ. ಅಲ್ಲಿಂದ ಗಂಡಸಿಗೆ ಏನಾದರೂ ನಂಟಿದೆಯೇ ಎಂದು ಸುತ್ತಿ ಬಳಸಿ ವಿಚಾರಿಸಿದೆ. ಯಜಮಾನರನ್ನೂ ಬಿಡಲಿಲ್ಲ. "ನಂಗೆ ಓದಕ್ಕೆ ಕನ್ನಡಕನೇ ಸಿಗಲ್ಲ, ನಿನ್ ಫೋನ್ ನಾನೆಲ್ಲಿ ನೋಡ್ಲಿ?" ಎಂದು ಅವರು ಎದ್ದು ಕೊಟ್ಟಿಗೆಗೆ ಹೋದರು. ಫೋನಿನ ಬೀಗ ಬದಲಾಯಿಸಿದೆ. ಬೀಗಿತ್ತಿಯ ಹೆಸರನ್ನು ಅಳಿಸಿ 'ಗಂಡಸಿ ಅಕ್ಕ' ಎಂದು ಹಾಕಿದೆ. ಆದರೂ ಸುತ್ತಿ ಸುತ್ತಿ ಮನಸ್ಸು ಮಗಳ ಹತ್ತಿರವೇ ಬಂದು ನಿಲ್ಲುತ್ತಿತ್ತು: ಇವಳೇ ಎಲ್ಲೋ ಬಾಯಿ ಬಿಟ್ಟಿದ್ದಾಳೆ, ಈಗ ಒಪ್ಪಿಕೊಳ್ಳಲು ಹೆದರುತ್ತಿದ್ದಾಳೆ.

ಅಷ್ಟರಲ್ಲಿ ಫೋನು ಮತ್ತೊಮ್ಮೆ ಅಪ್‌ಡೇಟ್ ಆಗಿ, ನಾನು ಕಿತ್ತ ಆ್ಯಪುಗಳು ಮತ್ತೆ ಬಂದವು. ರಜೆಯ ದಿನ ನೋಡಿ ಅರಸೀಕೆರೆಗೆ ಹೋದೆ. ಕೊಂಡ ಅಂಗಡಿಗೆ ಕಾಲಿಡಲಿಲ್ಲ. ಒಳಬೀದಿಯಲ್ಲಿ ಹೆಂಗಸೊಬ್ಬರು ರಿಪೇರಿ ಅಂಗಡಿ ಇಟ್ಟಿದ್ದರು. ಅವರು ಫೋನಿನ ಪಟ್ಟಿಯನ್ನು ನಿಧಾನವಾಗಿ ಓದುತ್ತಾ ಬಂದು ಒಂದು ಕಡೆ ಬೆರಳು ನಿಲ್ಲಿಸಿದರು.

"ಬೇರೆವೆಲ್ಲ ತೆಗೆದು ಇದನ್ನ ಯಾಕೆ ಇಟ್ಕೊಂಡಿದ್ದೀರ?"

"ಅದು ಒಳ್ಳೇದು. ಫೋನ್ ಮಾಡೋರ ಹೆಸರು ಹೇಳುತ್ತೆ."

"ಆ ಹೆಸರು ಅದಕ್ಕೆ ಎಲ್ಲಿಂದ ಬರುತ್ತೆ ಅಂತ ಯೋಚನೆ ಮಾಡಿದ್ದೀರಾ ಮೇಡಂ? ನಿಮ್ಮಂಥೋರ ಫೋನಿಂದಾನೇ. ನೀವು ಯಾರ್ಯಾರ ನಂಬರ್‌ಗೆ ಏನೇನು ಹೆಸರು ಹಾಕಿದ್ದೀರೋ ಅದನ್ನೆಲ್ಲ ತಗೊಂಡು ಹೋಗುತ್ತೆ. ಅವರು ಇನ್ಯಾರಿಗಾದ್ರೂ ಫೋನ್ ಮಾಡಿದ್ರೆ ಅದೇ ಹೆಸರು ಅಲ್ಲಿ ಬರುತ್ತೆ. ಶುರುನಲ್ಲೇ ಅಲೌ ಒತ್ತಿದ್ದಾರೆ ನೋಡಿ ಇಲ್ಲಿ."

ನಾನು ಸ್ಟೂಲಿನ ಮೇಲೆ ಕೂತೆ. ಬೀಗಿತ್ತಿಯ ನಂಬರು ಹೇಳಿ, ಅಂಗಡಿಯ ಹೆಂಗಸಿಗೆ ಅವರದೇ ಫೋನಿನಲ್ಲಿ ಹುಡುಕಲು ಕೇಳಿಕೊಂಡೆ. ಅವರು ಹುಡುಕಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನು ನನ್ನ ಫೋನಿನಿಂದ ಅಳಿಸಿ ವಾರವಾಗಿದ್ದ ಹೆಸರು, ಅವತ್ತಿನವರೆಗೆ ನಾನು ನೋಡಿರದ ಒಬ್ಬ ಹೆಂಗಸಿನ ಕೈಯಲ್ಲಿ ಒಂದಕ್ಷರ ಮಾಸದೆ ಇತ್ತು.

"ಇದನ್ನ ತೆಗೆದ್ರೆ ಆ ಹೆಸರು ಹೋಗುತ್ತಾ?"

"ನಿಮ್ಮ ಫೋನಿಂದ ಆ್ಯಪ್ ಹೋಗುತ್ತೆ, ಅಷ್ಟೆ. ಹೆಸರು ತೆಗೆಸೋದಾದ್ರೆ ಆ ನಂಬರ್‌ನವರೇ ತೆಗೆಸ್ಬೇಕು. ಅವರ ಫೋನಿಗೆ ಓಟಿಪಿ ಬರುತ್ತೆ."

ಬಸ್ ಸ್ಟ್ಯಾಂಡಿಗೆ ನಡೆದು ಬರುವಷ್ಟರಲ್ಲಿ ಒಂದು ಕೆಟ್ಟ ಯೋಚನೆ ಹೊಳೆದಿತ್ತು. ಅತ್ತೆಯ ಫೋನಿಗೆ ಬಂದ ಓಟಿಪಿಯನ್ನು ಮಗಳು ಗುಟ್ಟಾಗಿ ನೋಡಿ ಹೇಳಿದರೆ ಸಾಕು, ಯಾರಿಗೂ ತಿಳಿಯದೆ ಮುಗಿಯುತ್ತದೆ. ಅವಳಿಗೆ ಫೋನ್ ಮಾಡಲು ಹೆಸರೂ ಒತ್ತಿದೆ. ಒಂದು ರಿಂಗ್ ಆಗುವ ಮೊದಲೇ ಕತ್ತರಿಸಿದೆ. ತಾನು ಮಾಡದ ತಪ್ಪಿಗೆ ಬೈಸಿಕೊಂಡವಳಿಂದ ಈಗ ನಿಜವಾದ ಕಳ್ಳತನವನ್ನೇ ಮಾಡಿಸಹೊರಟಿದ್ದೆ. ಹಳೇಬೀಡಿನ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಗಂಡಸಿಯ ಬಸ್ಸು ಹತ್ತಿದೆ.

ಬೀಗಿತ್ತಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಮಗಳು ನನ್ನನ್ನು ನೋಡಿ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು. ನಾನು ನೀರು ಕೂಡ ಕುಡಿಯದೆ ಹೇಳಿದೆ.

"ಅಕ್ಕಾ, ಆ ಹೆಸರು ಹಾಕಿದ್ದು ನಾನು. ಇವಳಲ್ಲ."

ಅವರು ಹುಣಸೆಹಣ್ಣು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ್ಯಪಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರ ಹುಬ್ಬು ಇಳಿಯಲಿಲ್ಲ.

"ಮಗಳನ್ನ ಉಳಿಸ್ಕೊಳ್ಳಾಕೆ ಮೈಮ್ಯಾಲೆ ಹಾಕ್ಕಂಡು ಬಂದಿದ್ದೀರ, ಅಲ್ವರಾ ಟೀಚ್ರಮ್ಮ? ಎಲ್ಲಿ, ನಿಮ್ ಫೋನ್ ತೋರ್ಸಿ."

ತೋರಿಸಿದೆ. ಅದರಲ್ಲಿ 'ಗಂಡಸಿ ಅಕ್ಕ' ಎಂದಿತ್ತು.

"ನೋಡಿ, ಇದ್ರಾಗೆ ಬ್ಯಾರೆನೇ ಐತೆ" ಎಂದರು. ನಿಜ ಹೇಳಲು ಬಂದವಳಿಗೆ ಸಾಕ್ಷಿಯನ್ನು ನಾನೇ ಅಳಿಸಿಹಾಕಿದ್ದೆ.

ಆಗ ಬೇಲೂರಿನ ಮಾತು ತೆಗೆದೆ. ಸಂಬಂಧದ ಮಾತಿಗೆಂದು ನಾವಿಬ್ಬರೇ ಬೇಲೂರಿನಲ್ಲಿ ಸೇರಿದ್ದೆವು. ದೇವಸ್ಥಾನದಲ್ಲಿ ಗೈಡ್ ಒಬ್ಬ ಪ್ರವಾಸಿಗಳಿಗೆ ಏನೋ ತಪ್ಪು ಹೇಳುತ್ತಿದ್ದ. ನಾನು ತಿದ್ದಲು ಹೋದೆ. ಇವರು ಎಲ್ಲರಿಗೂ ಕೇಳುವಂತೆ, "ಇದು ನಿಮ್ ಇಸ್ಕೂಲಲ್ಲ, ಎಲ್ಲಾ ಕಡೆ ಪಾಠ ಹೇಳಬ್ಯಾಡಿ ಬನ್ನಿ" ಎಂದು ಕೈ ಹಿಡಿದು ಎಳೆದಿದ್ದರು. ಅಷ್ಟೂ ಜನ ನಕ್ಕಿದ್ದರು.

"ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲೇ ಹಾಕಿದೆ ಅಕ್ಕಾ. ಇವಳು ಅಲ್ಲಿರಲಿಲ್ಲ. ಆ ಮಾತನ್ನ ನಾನು ಮನೆಯಲ್ಲಿ ಯಾರಿಗೂ ಹೇಳಿರಲೂ ಇಲ್ಲ. ನಾಚಿಕೆಯಾಗಿತ್ತು."

ಅವರು ಕೈಗಂಟಿದ್ದ ಹುಣಸೆಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, "ಇದು ನಿಮ್ಮಮ್ಮನ ಕೆಲಸನೇ ಕಣವ್ವ. ಸುಮ್ಕೆ ನಿನ್ನ ಅಂದ್ಬುಟ್ಟೆ" ಎಂದರು. ನನ್ನ ಕಡೆ ತಿರುಗಿದಾಗ ಮುಖದಲ್ಲಿ ಆ ಮೆದುತನ ಇರಲಿಲ್ಲ. "ನಂಗೆ ಬಾಯಿ ಜೋರು, ಒಪ್ಕಂತೀನಿ. ಅನ್ನೋದನ್ನ ಎದ್ರಿಗೇ ಅಂತೀನಿ. ನೀವೂ ಎದ್ರಿಗೇ ಅನ್ನಬೋದಾಗಿತ್ತು."

ಹೆಸರು ತೆಗೆಸಲು ಕೂತೆವು. ಅವರ ಫೋನು ಟಣ್ ಎಂದಿತು. "ಓಟಿಪಿ ಬಂತಾ? ಎಷ್ಟು?" ಎಂದೆ. ಅವರು ಫೋನನ್ನು ಎದೆಗೆ ಒತ್ತಿಕೊಂಡರು. "ಯಾರಿಗೂ ಹೇಳಬಾರ್ದು ಅಂತ ಸಂಘದಾಗೆ ನಾನೇ ಎಲ್ರಿಗೂ ಹೇಳ್ಕೊಡ್ತೀನಿ. ನಿಮಗ್ ಹೇಳ್ತೀನಾ?" ಎಂದು, ನನಗೆ ಬೆನ್ನು ಮಾಡಿ ಕೂತು, ಒಂದೊಂದೇ ಅಂಕಿಯನ್ನು ತಾವೇ ಒತ್ತಿದರು. ಒಂದೆರಡು ದಿನದಲ್ಲಿ ಹೆಸರು ಹೋಗುತ್ತದೆ ಎಂದು ಪರದೆಯಲ್ಲಿ ಬಂತು. ಆ ಆ್ಯಪನ್ನು ನಾನು ಅಲ್ಲೇ ಅವರ ಕಣ್ಣೆದುರೇ ತೆಗೆದೆ.

ಬಸ್ ನಿಲ್ದಾಣದವರೆಗೆ ಮಗಳು ಬಂದಳು. ಬಸ್ಸಿಗೆ ಕಾಯುವಾಗ, "ಅತ್ತೆ ನನ್ನ ನೋಡ್ತಿರೋದು ಒಂದೂವರೆ ವರ್ಷದಿಂದ ಅಷ್ಟೆ. ಅವರು ಅನುಮಾನ ಪಟ್ರೆ ಪಡಲಿ. ನೀನು?" ಎಂದಳು.

"ತಪ್ಪಾಯ್ತು ಕಣೇ" ಎಂದೆ.

ಅವಳು ಪರವಾಗಿಲ್ಲ ಅನ್ನಲಿಲ್ಲ. ಬಸ್ಸು ಬಂದಾಗ ನನ್ನ ಚೀಲ ತೆಗೆದುಕೊಂಡು ಮೊದಲು ತಾನೇ ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ಚೀಲವಿಟ್ಟು ಇಳಿದಳು. ಬಸ್ಸು ತಿರುಗುವವರೆಗೆ ನಿಂತಿದ್ದಳು. ಆಮೇಲೆ ಸುಮಾರು ದಿನ ಅವಳಾಗಿ ಫೋನ್ ಮಾಡಲಿಲ್ಲ. ನಾನೇ ದಿನವೂ ಮಾಡುತ್ತಿದ್ದೆ, ಅವಳು ಊಟವಾಯಿತಾ ಎಂದು ಕೇಳಿ ಇಡುತ್ತಿದ್ದಳು. ಒಂದು ಗುರುವಾರ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಅವಳ ಕರೆ ಬಂತು. ಆಫೀಸಿನಲ್ಲಿ ಯಾರೊಂದಿಗೋ ಜಗಳವಾಗಿತ್ತು, ಹೇಳಿಕೊಳ್ಳಬೇಕಿತ್ತು. ನಾನು ಏನನ್ನೂ ಕೇಳದೆ, ಗಂಟೆ ಬಾರಿಸುವವರೆಗೂ ಫೋನನ್ನು ಕಿವಿಗಿಟ್ಟುಕೊಂಡೇ ಇದ್ದೆ.